ಹೊರಗಿನ ಮೂರು ದಿನ

ಮದುವೆಯಾಗಿ ಬಂದ ಹೊಸತರಲ್ಲಿ ವಿನುತಾ ಈ ಮನೆಯಲ್ಲಿ ಮನಸಾರೆ ದ್ವೇಷಿಸಿದ್ದು ಒಂದನ್ನೇ, ಹಿತ್ತಿಲ ಕಡೆಯ ಆ ಕೋಣೆಯನ್ನು. ಬಚ್ಚಲಿಗೆ ಒತ್ತಿ ಕಟ್ಟಿದ ಎಂಟಡಿಯ ಕೋಣೆ; ಒಂದು ಮಂಚ, ಒಂದು ಕಿಟಕಿ, ಗೂಡಿನಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಮನೆ ಇರುವುದು ಹೊನ್ನಾವರ ಪೇಟೆಯ ಒಳಗೆ, ಗಂಡ ಕೃಷ್ಣಾನಂದ ತಾಲೂಕು ಕಚೇರಿಯಲ್ಲಿ ಗುಮಾಸ್ತ, ಫ್ರಿಜ್ಜು ಮಿಕ್ಸರು ಎಲ್ಲ ಇವೆ. ಆದರೆ ಅತ್ತೆ ವನಮಾಲಾ ಇರುವ ತನಕ ಮುಟ್ಟಾದವಳು ಮೂರು ದಿನ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಆ ಮೂರು ದಿನವೂ ವಿನುತಾ ಬಸ್ಸು ಹತ್ತಿ ಕುಮಟಾಕ್ಕೆ ಹೋಗಬಹುದು, ಅಲ್ಲಿಯ ವಿಶೇಷ ಮಕ್ಕಳ ಶಾಲೆಯಲ್ಲಿ ಇಪ್ಪತ್ತು ಮಕ್ಕಳ ಕೈ ಹಿಡಿದು ಪಾಠ ಹೇಳಬಹುದು, ಬರುವಾಗ ರಸ್ತೆ ಬದಿ ತೂಗುಹಾಕಿದ ಈರುಳ್ಳಿ ಗೊಂಚಲು ಮುಟ್ಟಿ ಚೌಕಾಸಿ ಮಾಡಬಹುದು. ಮನೆಯ ಉಪ್ಪಿನ ಭರಣಿಯನ್ನು ಮಾತ್ರ ಮುಟ್ಟಬಾರದು. ಇದು ಯಾವ ನ್ಯಾಯ ಎಂದು ಮೊದಲ ವರ್ಷ ಗಂಡನ ಹತ್ತಿರ ಜಗಳವಾಡಿದಳು. ಎರಡನೆಯ ವರ್ಷ ಅತ್ತಳು. ಆಮೇಲೆ ಬಿಟ್ಟಳು.

ಹದಿನೆಂಟು ವರ್ಷ ಕಳೆದ ಮೇಲೆ ಈಗ ಅದೇ ಕೋಣೆಗಾಗಿ ಅವಳು ದಿನ ಎಣಿಸುತ್ತಿದ್ದಳು. ಯಾಕೆಂದರೆ ನಲವತ್ತನೆಯ ವಯಸ್ಸಿಗೆ ಅವಳು ವಿಶೇಷ ಶಿಕ್ಷಣದಲ್ಲಿ ಎಂ.ಎಡ್. ಓದಲು ಹೆಸರು ಹಚ್ಚಿದ್ದಳು. ದೂರಶಿಕ್ಷಣ, ರಜೆಯ ದಿನಗಳಲ್ಲಿ ಮಂಗಳೂರಿನಲ್ಲಿ ತರಗತಿ, ಉಳಿದದ್ದೆಲ್ಲ ಮನೆಯಲ್ಲಿ. ಮನೆಯಲ್ಲಿ ಎಂದರೆ ಯಾವಾಗ? ಬೆಳಿಗ್ಗೆ ದೋಸೆ, ಮಗಳು ವಿಭಾಳ ಡಬ್ಬಿ, ಏಳೂಮುಕ್ಕಾಲರ ಬಸ್ಸು. ಸಂಜೆ ಬಂದರೆ ಒಗೆದ ಬಟ್ಟೆ, ರಾತ್ರಿಯ ಅಡುಗೆ, ಮಾರನೆಯ ದಿನದ ಹಿಟ್ಟು. ಪುಸ್ತಕ ಬಿಚ್ಚಿದ ಕೂಡಲೇ "ಏ, ನನ್ನ ಕನ್ನಡಕ ಎಲ್ಲಿದ್ದು?" ಎಂದು ಗಂಡ. ಹೊರಗಿನ ಮೂರು ದಿನ ಮಾತ್ರ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಅಡುಗೆ ಅತ್ತೆಯದು, ತಟ್ಟೆ ತಾನಾಗಿ ಹೊಸ್ತಿಲಿಗೆ ಬರುತ್ತಿತ್ತು. ಎರಡು ವರ್ಷದ ಓದೆಲ್ಲ ಅವಳು ಹೆಚ್ಚುಕಡಿಮೆ ಆ ಮಂಚದ ಮೇಲೆಯೇ ಮುಗಿಸಿದ್ದಳು.

ಹೋಳಿ ಕಳೆದು ವಾರವಾಗಿತ್ತು. ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಶನಿವಾರದೊಳಗೆ ಕಳಿಸಿ ಎಂದು ಮಾರ್ಗದರ್ಶಕ ಮೇಡಂ ಹೇಳಿದ್ದರು. ಬುಧವಾರ ಸಂಜೆಯವರೆಗೂ ಒಂದು ಪುಟವೂ ಆಗಿರಲಿಲ್ಲ. ಗುರುವಾರ ಬೆಳಿಗ್ಗೆ ವಿನುತಾ ಅಡುಗೆಮನೆಯ ಹೊಸ್ತಿಲಲ್ಲೇ ನಿಂತು, ಗೋಡೆಯನ್ನು ನೋಡುತ್ತ ಹೇಳಿದಳು.

"ಅತ್ತೆ, ಆನು ಹೊರಗೆ."

ಕಾಪಿಗೆ ಹಾಲು ಬಿಡುತ್ತಿದ್ದ ವನಮಾಲಾ ತಿರುಗಿದಳು. ಅರವತ್ತೊಂಬತ್ತರ ಹೆಂಗಸು, ಮೊಣಕಾಲು ಎರಡೂ ಬಾತವು, ಲೆಕ್ಕ ಮಾತ್ರ ಪಂಚಾಂಗದಷ್ಟು ಖಚಿತ.

"ಮತ್ತೆಯಾ? ಹುಣ್ಣಿಮೆ ಮುಂಚೆ ಆಗಿದ್ದಲ್ದನೆ? ಹದಿನಾರು ದಿನಾನೂ ಆಯ್ದಿಲ್ಲೆ."

"ಎಂತ ಮಾಡದು ಅತ್ತೆ. ನಲವತ್ತೆರಡು ಆತು. ಇನ್ನು ಹಿಂಗೇ ಹೇಳ್ತ ಎಲ್ಲರೂ."

"ಹೂಂ," ಎಂದಳು ವನಮಾಲಾ. "ಹೋಗು, ಕೂತ್ಕ. ಕಾಪಿ ತತ್ತೆ."

ವಿನುತಾ ಶಾಲೆಗೂ ಎರಡು ದಿನ ರಜೆ ಹಾಕಿ ಬರೆದಳು. ಅಧ್ಯಾಯವೇನೋ ಮುಗಿಯಿತು. ಆದರೆ ಅವಳು ಎಣಿಸಿರದ ಒಂದು ಸಂಗತಿ ನಡೆಯಿತು. ಸಂಜೆ ಅತ್ತೆ ಕುಂಟುತ್ತ ಬಂದು ಒಂದು ಲೋಟ ಕಪ್ಪು ಕಷಾಯವನ್ನು ಕಟ್ಟೆಯ ಮೇಲಿಟ್ಟಳು.

"ಎಂತದು ಅತ್ತೆ?"

"ಅಶೋಕದ ಚಕ್ಕೆ. ಮೈ ಲೆಕ್ಕ ತಪ್ಪಿದ್ದು ನಿಂದು. ಕುಡಿ. ಆನು ನೋಡ್ತಾ ಇರ್ತೆ."

ಕುಡಿದರೆ ಕಣ್ಣಲ್ಲಿ ನೀರು. ಆ ಕಹಿ ನಾಲಿಗೆಯದೋ ಮನಸ್ಸಿನದೋ ವಿನುತಾಳಿಗೆ ತಿಳಿಯಲಿಲ್ಲ. ಮೂರು ದಿನ, ದಿನಕ್ಕೆರಡು ಸಲ. ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಕಷಾಯ ಕುದಿಸಿದ ಮುದುಕಿ, ಏಳುವಾಗ ಗೋಡೆ ಹಿಡಿದು "ಹರಿ ಹರಿ" ಎನ್ನುತ್ತಿದ್ದಳು. ಕಿಟಕಿಯಲ್ಲಿ ಅದು ಚೆನ್ನಾಗಿ ಕೇಳುತ್ತಿತ್ತು.

ಸುಳ್ಳಿಗೆ ಶಿಕ್ಷೆ ಎನ್ನುವಂತೆ, ಹನ್ನೆರಡು ದಿನಕ್ಕೆ ನಿಜವಾದದ್ದೇ ಬಂತು. ಸೊಂಟ ಹಿಡಿದುಕೊಂಡು ವಿನುತಾ ಮತ್ತೆ ಅದೇ ಹೊಸ್ತಿಲಲ್ಲಿ ನಿಂತಳು.

"ಅತ್ತೆ... ಮತ್ತೆ ಹೊರಗೆ. ಬಿಸಿನೀರ ಚೀಲ ಒಂದು ಕೊಡ್ತ್ರಾ?"

ವನಮಾಲಾ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದಳು, ಬಿಸಿನೀರ ಚೀಲ ತಂದಿಟ್ಟಳು. ಈ ಸಲ ಕಷಾಯ ಬರಲಿಲ್ಲ. ವಿನುತಾ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಒಳಗೆ ಜಗಳ ಶುರುವಾದದ್ದು ಆವತ್ತೇ. ಅನ್ನದ ಪಾತ್ರೆ ಇಳಿಸುವಾಗ ವನಮಾಲಾಳ ಮೊಣಕಾಲು ಕೈಕೊಟ್ಟು, ಗಂಜಿಯೆಲ್ಲ ನೆಲಕ್ಕೆ ಚೆಲ್ಲಿತು.

"ಆಯಿ, ಹೋಟ್ಲಿಂದ ತರ್ಸನ. ಮೂರು ದಿನ ಎಂತ ಆಗ್ತು?" ಎಂದ ಕೃಷ್ಣಾನಂದ.

"ಹೋಟ್ಲ ಅನ್ನ ನೀನು ತಿನ್ನು. ಆನು ಅವಲಕ್ಕಿ ತಿಂದ್ಕಂಡು ಇರ್ತೆ."

"ಹಂಗಾರೆ ಎಂತ ಮಾಡವು ಹೇಳು."

"ಎಂತ ಮಾಡವು? ಐವತ್ತು ಹತ್ರ ಬಂತು, ಕುಕ್ಕರು ಇಡಲೆ ಬತ್ತಿಲ್ಲೆ ನಿಂಗೆ. ನಿನ್ನ ಆ ಥರ ಬೆಳೆಸಿದ್ದು ಆನು. ನನ್ನ ಹಣೆಬರಹ!"

ಒಂಬತ್ತನೆಯ ತರಗತಿಯ ವಿಭಾ ಹಿತ್ತಿಲಿಗೆ ಓಡಿ ಬಂದಳು. ಈ ಮನೆಯಲ್ಲಿ ಅಮ್ಮನಿಗೆ ಆಯಿ, ಅಜ್ಜಿಗೆ ಅಮ್ಮ. "ಆಯಿ, ಅಮ್ಮ ಬಿದ್ದೇಬಿಡ್ತಿತ್ತು. ನಿನ್ನ ಶಾಲೆ ಮಕ್ಕಳಿಗೆ ಚೀಟಿ ಬರೆದು ಕಲಿಸ್ತೆ ಅಲ್ದ? ಅಪ್ಪಂಗೂ ಒಂದು ಬರಿ."

ತಮಾಷೆಗೆ ಹೇಳಿದ್ದು. ಆದರೆ ವಿನುತಾ ಎದ್ದು ಕೂತಳು. ಅವಳ ಪ್ರಬಂಧವೇ ಅದು. ಬುದ್ಧಿ ನಿಧಾನವಿರುವ ಮಕ್ಕಳಿಗೆ ಮನೆಗೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಒಂದೊಂದು ಹಂತಕ್ಕೆ ಒಂದು ಚೀಟಿ ಬರೆದು, ಪಕ್ಕದಲ್ಲಿ ಚಿತ್ರ ಬಿಡಿಸಿ ಕಲಿಸುವುದು. ಶಾಲೆಯಲ್ಲಿ ಅಂಕಿತಾ ಎಂಬ ಹನ್ನೊಂದರ ಹುಡುಗಿಗೆ ಅವಳು ಲಿಂಬು ಶರಬತ್ತು ಮಾಡಲು ಕಲಿಸುತ್ತಿದ್ದಳು. ಒಂಬತ್ತು ಹಂತ. ಐದರವರೆಗೆ ಸರಿ ಹೋಗುತ್ತಿತ್ತು, ಆರಕ್ಕೆ, ಸಕ್ಕರೆ ಕರಗಿಸುವಲ್ಲಿಗೆ, ಬಂದರೆ ಹುಡುಗಿ ಚಮಚ ಹಿಡಿದು ಕಲ್ಲಾಗಿ ನಿಂತುಬಿಡುತ್ತಿದ್ದಳು. "ಆರನೆಯ ಹಂತದಲ್ಲಿ ಮಗು ಸಹಕರಿಸುವುದಿಲ್ಲ" ಎಂದು ನಾಲ್ಕನೆಯ ಅಧ್ಯಾಯದಲ್ಲಿ ಬರೆದೂ ಆಗಿತ್ತು.

ಗಂಡನಿಗಾಗಿ ವಿನುತಾ ಎಂಟು ಚೀಟಿ ಬರೆದಳು. ವಿಭಾ ಅವನ್ನು ಫ್ರಿಜ್ಜಿಗೆ ಅಂಟಿಸಿದಳು. ಕೃಷ್ಣಾನಂದ ಕನ್ನಡಕ ಏರಿಸಿ, ಕಚೇರಿಯ ಕಡತ ಓದುವಂತೆ ಒಂದೊಂದನ್ನೇ ಓದಿ, ಅಕ್ಕಿ ಅಳೆದ, ಮೂರು ಸಲ ತೊಳೆದ, ನೀರು ಬಸಿದ, ಕುಕ್ಕರಿಗೆ ಹಾಕಿದ, ಮುಚ್ಚಿದ, ಒಲೆ ಹಚ್ಚಿದ. ಸೀಟಿಗೆ ಕಾಯುತ್ತ ಕೂತ. ಸೀಟಿ ಬರಲಿಲ್ಲ, ವಾಸನೆ ಬಂತು.

"ಅಯ್ಯೋ ತಮಾ! ನೀರು ಹಾಕಿದ್ಯನಾ?" ವನಮಾಲಾ ಕೂಗಿದಳು.

"ಚೀಟಿಯಲ್ಲಿ ಇತ್ತಿಲ್ಲೆ."

"ಅನ್ನಕ್ಕೆ ನೀರು ಹಾಕವು ಹೇಳಿ ಬರೆದು ತೋರಿಸವನಾ ನಿಂಗೆ?"

"ತೊಳೆ ಹೇಳಿದ್ದು, ಬಸಿ ಹೇಳಿದ್ದು. ಹಾಕು ಹೇಳಿ ಎಲ್ಲಿದ್ದು? ನೀನೇ ನೋಡು."

ವಿಭಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ವನಮಾಲಾಳೂ ಸೆರಗು ಬಾಯಿಗೊತ್ತಿ ನಕ್ಕಳು. ಹಿತ್ತಿಲ ಕೋಣೆಯಲ್ಲಿ ವಿನುತಾ ಮಾತ್ರ ನಗಲಿಲ್ಲ. ಹದಿನೆಂಟು ವರ್ಷ ದಿನಾ ಅನ್ನ ಮಾಡಿದವಳು ತಾನು. ನೀರು ಹಾಕುವುದು ಒಂದು ಕೆಲಸ ಎಂಬುದೇ ನೆನಪಿಗೆ ಬರದಷ್ಟು ಕೈಗೆ ಹತ್ತಿಹೋಗಿತ್ತು. ಅಂಕಿತಾ ಚಮಚ ಹಿಡಿದು ಯಾಕೆ ನಿಲ್ಲುತ್ತಾಳೆ ಎಂದು ಅವಳಿಗೆ ಆಗ ಹೊಳೆಯಿತು. ಮಗುವಿನದೇನೂ ತಪ್ಪಿರಲಿಲ್ಲ. ತಪ್ಪು ಚೀಟಿಯದು. ಸುಳ್ಳು ಹೇಳಿ ಗಳಿಸಿದ ಮೂರು ದಿನದಲ್ಲಿ ಬರೆದ ಅಧ್ಯಾಯವೆಲ್ಲ ತಲೆಕೆಳಗು.

"ಅತ್ತೆ," ಕಿಟಕಿಯಿಂದಲೇ ಕರೆದಳು. "ಲಿಂಬು ಶರಬತ್ತು ಹ್ಯಾಂಗೆ ಮಾಡ್ತ್ರಿ? ಒಂದೂ ಬಿಡದ್ದೆ ಹೇಳಿ."

"ಎಂತ ಹುಚ್ಚನೆ ನಿಂಗೆ? ಶರಬತ್ತು ಮಾಡಲೆ ಬತ್ತಿಲ್ಯಾ?"

"ಬತ್ತು. ಅದಕ್ಕೇ ನಂಗೆ ಗೊತ್ತಾಗ್ತಿಲ್ಲೆ."

ವನಮಾಲಾ ಹಿತ್ತಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು. ಗಾಳಿಯಲ್ಲಿ ಲಿಂಬು ಹಿಡಿದಂತೆ ಕೈಮಾಡಿ ಶುರುಮಾಡಿದಳು. "ಮೊದ್ಲು ನೆಲದ ಮೇಲೆ ಒತ್ತಿ ಹೊರಳಿಸವು, ಇಲ್ದಿದ್ರೆ ರಸ ಬಿಡ್ತಿಲ್ಲೆ. ಬರದ್ಯಾ? ಕೊಯ್ಯವು. ಬೀಜ ತೆಗಿಯವು. ಎಲ್ಲಿ ಒಗಿತೆ ಬೀಜ? ಅದನ್ನೂ ಬರಿ. ಸಕ್ರೆ ಹಾಕವು. ಚಮಚ ಮುಳುಗಿಸವು. ತಿರುಗಿಸವು. ಎಷ್ಟೊತ್ತು? ಸಕ್ರೆ ಸದ್ದು ನಿಲ್ಲವರೆಗೆ."

"ಸಕ್ರೆ ಸದ್ದಾ?"

"ಲೋಟದ ಬುಡದಲ್ಲಿ ಕರಕರ ಹೇಳ್ತಲೆ. ಅದು ನಿಂತ್ರೆ ಕರಗಿದ್ದು ಹೇಳಿ. ಕಣ್ಣಿಗೆ ಕಾಣ್ತಿಲ್ಲೆ ಅದು, ಕಿವಿಗೆ ಗೊತ್ತಾಗ್ತು."

ಒಂಬತ್ತು ಇದ್ದದ್ದು ಹದಿನೇಳಾಯಿತು. ಆರನೆಯ ಹಂತದ ಜಾಗದಲ್ಲಿ ಈಗ ಚಮಚ ಮುಳುಗಿಸು, ತಿರುಗಿಸು, ಸದ್ದು ಕೇಳು ಎಂದು ಮೂರು ಹಂತಗಳಿದ್ದವು. ಮುಂದಿನ ವಾರ ಅಂಕಿತಾ ಲೋಟಕ್ಕೆ ಕಿವಿ ಕೊಟ್ಟು, ಸದ್ದು ನಿಂತ ಕೂಡಲೇ ತಲೆಯೆತ್ತಿ "ಆತು!" ಎಂದಳು. ಶಾಲೆಯವರೆಲ್ಲ ಆ ಶರಬತ್ತನ್ನು ಒಂದೊಂದು ಗುಟುಕು ಕುಡಿದರು. ಉಪ್ಪು ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ. ವಿನುತಾ ಅಧ್ಯಾಯವನ್ನು ತಿದ್ದಿ ಬರೆದು, ಪ್ರಬಂಧವನ್ನು ಪೂರ್ತಿ ಮಾಡಿ ಕಳಿಸಿದಳು.

ಏಪ್ರಿಲ್ ಎರಡನೆಯ ವಾರ ಮಂಗಳೂರಿನಿಂದ ಪತ್ರ ಬಂತು. ಪ್ರಬಂಧ ಒಪ್ಪಿತವಾಗಿದೆ, ಹದಿನೇಳನೆಯ ತಾರೀಕು ಹನ್ನೊಂದು ಗಂಟೆಗೆ ಮೌಖಿಕ ಪರೀಕ್ಷೆಗೆ ಹಾಜರಾಗಬೇಕು. ಕುಣಿಯುವಷ್ಟು ಸಂತೋಷದಲ್ಲಿ ಅವಳು ಗೋಡೆಯ ಕ್ಯಾಲೆಂಡರ್ ತಿರುವಿದಳು. ಹದಿನೇಳರ ಚೌಕದಲ್ಲಿ ಅತ್ತೆಯ ಪೆನ್ಸಿಲಿನ ಗುರುತಿತ್ತು. ಮಾವನ ತಿಥಿ.

ಆ ಸಂಜೆ ಊಟದಲ್ಲಿ ಮೊಗೆಕಾಯಿ ಹುಳಿ, ಒಂದೆಲಗದ ತಂಬುಳಿ. ಯಾರ ಬಾಯಿಗೂ ರುಚಿಸಲಿಲ್ಲ.

"ಬೇರೆ ದಿನ ಕೇಳಿದ್ಯಾ?" ಎಂದ ಕೃಷ್ಣಾನಂದ.

"ಕೇಳಿದೆ. ನನ್ನ ನೋಂದಣಿ ಈ ತಿಂಗ್ಳಿಗೆ ಮುಗಿತು. ಇದು ತಪ್ಪಿದ್ರೆ ಎರಡು ವರ್ಷದ್ದೂ ಹೋತು. ಮೊದ್ಲಿಂದ ಶುರು ಮಾಡವು."

"ತಿಥಿ ಮುಂದೆ ಹಾಕಲೆ ಬತ್ತಿಲ್ಲೆ, ವಿನುತಾ."

"ಹಾಕಿ ಹೇಳಿದ್ನಾ ಆನು?"

"ಅಪ್ಪ, ನಿಂಗೆ ಈಗ ಅನ್ನ ಬತ್ತು. ನೀನು ಮಾಡು, ಆಯಿ ಹೋಗ್ಲಿ," ವಿಭಾ ನಡುವೆ ಬಾಯಿ ಹಾಕಿದಳು.

"ತಿಥಿ ಅಡುಗೆ ಹೇಳಿರೆ ಅನ್ನ ಅಲ್ಲ ಕೂಸೆ. ಹದಿನಾರು ನಮೂನೆ. ಅದೂ ಸೊಸೆ ಮಡಿಯಲ್ಲಿ ಮಾಡವು. ತ್ರ್ಯಂಬಕ ಭಟ್ರು ಬಂದು ಕೂತು, ಅಡುಗೆ ಗಂಡಸಿನ ಕೈದು ಹೇಳಿರೆ ಎದ್ದು ಹೋಗ್ತ."

"ಮಾವನ ನಾಲ್ಕು ತಿಥಿನೂ ಆನೇ ಮಾಡಿದ್ದೆ," ಎಂದಳು ವಿನುತಾ. "ಮಾಡದಿಲ್ಲೆ ಹೇಳ್ತಿಲ್ಲೆ. ಆದ್ರೆ ನಂಗೂ ಒಂದು ದಿನ ಹೇಳಿ ಇರಲಾಗ್ದಾ ಈ ಮನೆಯಲ್ಲಿ?"

ಕೃಷ್ಣಾನಂದ ತಟ್ಟೆ ನೋಡಿದ. ಕಲಸಿದ ಅನ್ನವನ್ನೇ ಮತ್ತೆ ಕಲಸಿದ. ಎಲ್ಲರೂ ವನಮಾಲಾಳ ಮುಖ ನೋಡಿದರು. ಅವಳು ತಂಬುಳಿ ಸೌಟು ಎತ್ತಿದಳು.

"ಉಣ್ಣ ಹೊತ್ತಲ್ಲಿ ಜಗಳ ಬೇಡ. ಹಾಕ್ಯ."

ಮುಂದಿನ ಎರಡು ದಿನ ವಿನುತಾಳ ತಲೆಯೊಳಗೆ ಒಂದು ಯೋಚನೆ ಬಂದು ಕೂತು ಎದ್ದುಹೋಗಲೊಲ್ಲದು. ಸೊಸೆ ಹೊರಗಾದರೆ ತಿಥಿಯ ಅಡುಗೆ ಬೇರೆಯವರು ಮಾಡಬಹುದು. ಅಷ್ಟೇ ಅಲ್ಲ, ಹೊರಗಾದವಳು ಆ ದಿನ ಭಟ್ಟರ ಕಣ್ಣಿಗೂ ಬೀಳಬಾರದು. ಮನೆ ಬಿಟ್ಟು ಎಲ್ಲಾದರೂ ಹೋಗಿರಬೇಕು. ತಿಥಿಯ ಹಿಂದಿನ ಸಂಜೆ ಹೊಸ್ತಿಲಲ್ಲಿ ನಿಂತು ಎರಡೇ ಮಾತು ಹೇಳಿದರೆ ಸಾಕು. ಒಮ್ಮೆ ಹೇಳಿ ದಕ್ಕಿಸಿಕೊಂಡವಳು ತಾನು.

ಆದರೆ ಮಾವ? ಹಳದೀಪುರದ ಶಾಲೆಯಲ್ಲಿ ಮಾಸ್ತರಾಗಿದ್ದ ಮಾವ, ಅವಳು ಆ ಕೋಣೆಯಲ್ಲಿ ಅಳುತ್ತಿದ್ದ ಕಾಲದಲ್ಲಿ ಯಾರಿಗೂ ಹೇಳದೆ ಕಿಟಕಿಯ ಸರಳಿನಲ್ಲಿ ದಿನದ ಪೇಪರು ಸಿಕ್ಕಿಸಿ ಹೋಗುತ್ತಿದ್ದರು. ಅವರ ತಿಥಿಯ ದಿನವೇ ಸುಳ್ಳು ಹೇಳುವುದೇ? ಮೇಲೆ ಆ ಕಷಾಯದ ಋಣ ಬೇರೆ.

ಭಾನುವಾರ ಮಧ್ಯಾಹ್ನ ವನಮಾಲಾ ತಿಥಿಯ ವಡೆಗೆ ಉದ್ದು ಆರಿಸುತ್ತಿದ್ದಳು. ವಿನುತಾ ಮೊರದ ಆಚೆ ಬದಿಗೆ ಕೂತಳು.

"ಅತ್ತೆ, ಹೋಳಿ ಆದ್ಮೇಲೆ ಆನು ಹೊರಗೆ ಹೇಳಿದ್ನಲೆ... ಅದು ಸುಳ್ಳು. ಬರೆಯದು ಇತ್ತು. ನಿಂಗ ಕಾಲು ಎಳ್ಕಂಡು ಕಷಾಯ ಮಾಡಿದ್ರಿ. ನಂಗೆ ಅವತ್ತಿಂದ ಸಮಾಧಾನ ಇಲ್ಲೆ."

ವನಮಾಲಾ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. "ಗೊತ್ತಿದ್ದು."

"ಗೊತ್ತಿದ್ದಾ?"

"ಹದಿನೆಂಟು ವರ್ಷ ಆತು, ಮೊದ್ಲ ದಿನ ಬಿಸಿನೀರ ಚೀಲ ಕೇಳದ್ದೆ ನೀನು ಒಂದು ಸಲನೂ ಕೂತಿದ್ದಿಲ್ಲೆ. ಅವತ್ತು ಕಾಪಿ ಕುಡಿದೆ, ಚೀಲ ಕೇಳಿದ್ದಿಲ್ಲೆ."

"ಮತ್ತೆ ಕಷಾಯ ಎಂತಕ್ಕೆ ಕೊಟ್ರಿ?"

"ಸುಳ್ಳು ಹೇಳಿದ್ದಕ್ಕೆ. ಕಹಿ ಇತ್ತಲ್ದ?"

ವನಮಾಲಾ ಮೊರ ಕೆಳಗಿಟ್ಟು ನೇರವಾಗಿ ನೋಡಿದಳು. ಈಗ ಅವಳ ಮುಖದಲ್ಲಿ ನಗೆಯಿರಲಿಲ್ಲ.

"ಒಂದು ಮಾತು ಕೇಳು. ಇವ್ರ ತಿಥಿಗೆ ಮತ್ತೆ ಅದೇ ಸುಳ್ಳು ಹೇಳ್ತೆ ಹೇಳಿ ಮನಸಲ್ಲಿ ಇದ್ರೆ, ಬಿಟ್ಟುಬಿಡು. ನಿನ್ನ ಬಾಯಿಂದ ಅದು ಬಪ್ಪಲಾಗ."

"ಇಲ್ಲೆ ಅತ್ತೆ. ಹೇಳ್ತಿಲ್ಲೆ."

"ಖರೆ?"

"ಖರೆ."

ಅಲ್ಲಿಗೆ ಮುಗಿಯಿತು. ಸೋಮವಾರ ಬೆಳಿಗ್ಗೆ ವಿನುತಾ ಪ್ರಬಂಧದ ಪ್ರತಿಯನ್ನು ಮನೆಯ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟು ಹೋಗಿ, ಶಾಲೆಯಲ್ಲಿ ಮುಖ ತೊಳೆಯುವ ನೆವದಲ್ಲಿ ಅತ್ತಳು. ಬರುವಾಗ ಪೇಟೆಯಲ್ಲಿ ಬಾಳೆಕಾಯಿ, ಹಾಗಲಕಾಯಿ, ಸುವರ್ಣಗಡ್ಡೆ ತಂದಳು. ಎರಡು ವರ್ಷ ತಾನು ಓದಿದ್ದು ಎಲ್ಲಿಗೂ ಹೋಗುವುದಿಲ್ಲ, ತಲೆಯಲ್ಲೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದರಿಂದ ಸ್ವಲ್ಪವೂ ಸಮಾಧಾನವಾಗಲಿಲ್ಲ.

ತಿಥಿಯ ಹಿಂದಿನ ದಿನ ನಾಲ್ಕು ಗಂಟೆಗೆ ಕೃಷ್ಣಾನಂದನ ತಂಗಿ ವೀಣಾ ಭಟ್ಕಳದಿಂದ ಬಂದಿಳಿದಳು. ಅಲ್ಲಿ ತುಂಬಿದ ಮನೆ, ಅತ್ತೆ ಹಾಸಿಗೆ ಹಿಡಿದವರು. ತವರಿಗೆ ಬರುವುದೆಂದರೆ ಅವಳಿಗೆ ವರ್ಷಕ್ಕೆ ನಾಲ್ಕು ದಿನದ ಬಿಡುವು. ಚೀಲ ಕೆಳಗಿಟ್ಟವಳೇ ಕಾಲು ನೀಡಿ ಕೂತು, "ಉಶ್ಶ್, ಎಂತ ಸೆಕೆ! ಅತ್ತಿಗೆ, ಒಂದು ಲೋಟ ಮಜ್ಜಿಗೆ," ಎಂದಳು.

ವಿನುತಾ ತಂದುಕೊಡಲು ಅಡುಗೆಮನೆಗೆ ನಡೆದಳು. ಹೊಸ್ತಿಲಲ್ಲಿ ವನಮಾಲಾ ನಿಂತಿದ್ದಳು. ಎರಡೂ ಕೈ ಬಾಗಿಲ ಚೌಕಟ್ಟಿಗೆ ಕೊಟ್ಟು, ದಾರಿಗೆ ಅಡ್ಡವಾಗಿ.

"ಎಲ್ಲಿ ಬತ್ತೆ? ಒಳಗೆ ಬಪ್ಪಲಾಗ."

"ಅತ್ತೆ?"

"ಎಂತ ಅತ್ತೆ? ಹೊರಗಾದವಳು ಹೊರಗೆ ಇರವು." ಗಂಟಲು ಏರಿಸಿ, ಜಗುಲಿಯವರೆಗೆ ಕೇಳುವಂತೆ ಹೇಳಿದಳು. "ವೀಣಾ, ನಿನ್ನ ಅತ್ತಿಗೆ ಈಗಷ್ಟೇ ಹೊರಗಾತು. ನಾಳೆ ಅಡುಗೆ ನಾವಿಬ್ರೇ."

ವೀಣಾ ಎದ್ದೇ ಬಂದಳು. "ನಾಳೆ ತಿಥಿ, ಇವತ್ತು ಹೊರಗಾ? ಸರೀ ಹೊತ್ತು ನೋಡ್ಕಂಡು ಆತಲ್ದ!"

"ಹೊತ್ತು ನಾವು ಹೇಳಿದ ಹಾಂಗೆ ಬತ್ತಾ? ಅದ್ರ ಮೈ ಲೆಕ್ಕ ತಪ್ಪಿದ್ದು. ಹೋದ ತಿಂಗ್ಳಲ್ಲಿ ಎರಡು ಸಲ ಆಗಿತ್ತು. ಬೇಕಾರೆ ನಿನ್ನ ಅಣ್ಣನ ಕೇಳು. ಆನು ಅಶೋಕದ ಕಷಾಯ ಮಾಡಿ ಕೊಟ್ಟಿದ್ದೆ."

ಕೃಷ್ಣಾನಂದ ಎಲ್ಲಿದ್ದನೋ, ಒಳಗಿಂದಲೇ "ಹೌದು, ಹೌದು," ಎಂದ. ಸ್ವಲ್ಪ ಬೇಗವೇ ಎಂದ.

ವಿನುತಾ ಬಾಯಿ ತೆರೆಯಲು ಹೋದಳು. ವನಮಾಲಾ ಕಣ್ಣಲ್ಲೇ ಗದರಿದಳು.

"ನಿಂತ್ಕಂಡು ಎಂತ ನೋಡ್ತೆ? ಹೋಗು ನಿನ್ನ ಕೋಣೆಗೆ. ನಾಳೆ ಭಟ್ರು ಬಪ್ಪುದ್ರೊಳಗೆ ಮನೆ ಬಿಟ್ಟು ಹೋಗವು ನೀನು. ಎಲ್ಲಿಗಾರೂ ಹೋಗು. ಸಂಜೆ ದೀಪ ಹಚ್ಚವರೆಗೆ ಈ ಅಂಗಳದಲ್ಲಿ ಕಾಣಲಾಗ."

ಐದು ನಿಮಿಷ ಬಿಟ್ಟು, ವೀಣಾ ನೋಡುತ್ತಿದ್ದಂತೆಯೇ, ಅವಳು ಹಿತ್ತಿಲ ಕಟ್ಟೆಯ ಮೇಲೆ ಒಂದು ಬಿಸಿನೀರ ಚೀಲ ತಂದಿಟ್ಟು ಹೋದಳು. ವಿನುತಾ ಅದನ್ನು ಎದೆಗವುಚಿಕೊಂಡು ಮಂಚದ ಮೇಲೆ ಕೂತು ಬಿಕ್ಕಿದಳು. ತಾನು ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದ ಪ್ರಬಂಧದ ಪ್ರತಿಯನ್ನು ಯಾರೋ ಮೊದಲೇ ತಂದು ತಲೆದಿಂಬಿನ ಪಕ್ಕದಲ್ಲಿ ಇಟ್ಟಿದ್ದರು.

ಬೆಳಗಿನ ರೈಲಿಗೆ ಕೃಷ್ಣಾನಂದ ಬೈಕಿನಲ್ಲಿ ಬಿಟ್ಟ. ದಾರಿಯಲ್ಲಿ ಒಂದೇ ಮಾತಾಡಿದ.

"ಟಿಕೆಟ್ಟು ಆಯಿ ಮೊನ್ನೆ ಸೋಮವಾರನೇ ತೆಗೆಸಿದ್ದು. ನಿಂಗೆ ಹೇಳಲಾಗ ಹೇಳಿತ್ತು."

"ನಿಂಗ ಅಷ್ಟು ದಿನ ಬಾಯಿ ಮುಚ್ಕಂಡು ಇದ್ರಾ?"

"ನನ್ನ ಕಷ್ಟ ನಂಗೇ ಗೊತ್ತು," ಎಂದ ಅವನು. ಸ್ಟೇಷನ್ನಿನಲ್ಲಿ ಚೀಲ ಎತ್ತಿಕೊಟ್ಟು, ಕಿಸೆಯಿಂದ ಒಂದು ಚೀಟಿ ತೆಗೆದು ತೋರಿಸಿದ. ವಿಭಾಳ ಅಕ್ಷರ, ಅಜ್ಜಿಯ ಮಾತು: ಮಿಂದು ಬಾ. ಮಡಿ ಉಡು. ಕಾಯಿ ಒಡೆ. ನೀರು ಬೇರೆ ಪಾತ್ರೆಗೆ. ತುರಿ. ಕರಿ ಭಾಗ ಬಪ್ಪುದ್ರೊಳಗೆ ನಿಲ್ಲಿಸು. ಒಟ್ಟು ಹದಿಮೂರು ಹಂತ. "ಆರು ಕಾಯಿ ತುರಿಯವು," ಎಂದು ನಿಟ್ಟುಸಿರಿಟ್ಟು ಮನೆಗೆ ತಿರುಗಿದ.

ವಿನುತಾ ಹೊನ್ನಾವರಕ್ಕೆ ವಾಪಸಾದಾಗ ದೀಪ ಹಚ್ಚುವ ಹೊತ್ತು. ಭಟ್ಟರು ಉಂಡು ದಕ್ಷಿಣೆ ತೆಗೆದುಕೊಂಡು ಹೋಗಿಯಾಗಿತ್ತು. ವೀಣಾಳೂ ಐದರ ಬಸ್ಸಿಗೆ ಹೊರಟುಹೋಗಿದ್ದಳು; ಹಾಸಿಗೆ ಹಿಡಿದ ತನ್ನ ಅತ್ತೆಯನ್ನು ಬಿಟ್ಟು ಹೆಚ್ಚು ಹೊತ್ತು ಇರುವಂತಿರಲಿಲ್ಲ. ವನಮಾಲಾ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಬೆಳಗಿನ ನಾಲ್ಕರಿಂದ ನಿಂತ ಕಾಲುಗಳು ಕುಂಬಳಕಾಯಿಯ ಹಾಗೆ ಊದಿದ್ದವು. ಪಕ್ಕದಲ್ಲಿ ಎಣ್ಣೆಯ ಬಟ್ಟಲು.

"ಆತಾ?"

"ಆತು ಅತ್ತೆ. ಪಾಸು." ವಿನುತಾ ಚೀಲ ಕೆಳಗಿಟ್ಟಳು. "ಮೂರು ಜನ ಇದ್ದಿದ್ರು. ಒಬ್ರು ಕೇಳಿದ್ರು, ಬಿಟ್ಟುಹೋದ ಹಂತ ಹಿಡಿದವರು ಯಾರು ಹೇಳಿ. ನಮ್ಮತ್ತೆ ಹೇಳಿದೆ. ಅವರು ಯಾವ ಕಾಲೇಜಲ್ಲಿದ್ದಾರೆ ಹೇಳಿ ಕೇಳಿದ್ರು."

ವನಮಾಲಾ ಬೊಚ್ಚುಬಾಯಿ ತೆರೆದು ನಕ್ಕಳು. "ಸಕ್ರೆ ಸದ್ದು ಹೇಳಿದ್ಯಾ?"

"ಹೇಳಿದೆ. ಅದನ್ನ ಬರ್ಕಂಡ್ರು."

"ವೀಣಾ ಹೋಗಕಾರೆ ಕೇಳಿತ್ತು, ಹೊರಗಾದವಳು ಪ್ರಬಂಧ ಹಿಡ್ಕಂಡು ಹೋತಾ ಹೇಳಿ."

"ಅಯ್ಯೋ! ನಿಂಗ ಎಂತ ಹೇಳಿದ್ರಿ?"

"ನಿನ್ನ ಮಕ್ಕಳಿಗೆ ಇನ್ನು ನಾಲ್ಕು ವಡೆ ಕಟ್ಕ ಹೇಳಿದೆ. ಕಟ್ಕಂಡು ಹೋತು. ಮುಂದಿನ ಜನ್ಮದಲ್ಲಿ ನಂಗೂ ಒಂದು ಇಂಥ ಅತ್ತೆ ಸಿಗಲಿ ಹೇಳಿ ಹೇಳ್ತಾ ಹೋತು."

ವಿನುತಾ ಮೆಟ್ಟಿಲ ಕೆಳಗೆ ಕೂತಳು. "ಅತ್ತೆ, ಮಾವನ ತಿಥಿಗೆ ಸುಳ್ಳು ಹೇಳಲಾಗ ಹೇಳಿದ್ದು ನಿಂಗವೇ."

"ನಿನ್ನ ಬಾಯಿಂದ ಬಪ್ಪಲಾಗ ಹೇಳಿದ್ದೆ. ನಿಂಗೆ ಇನ್ನೂ ಆಯುಸ್ಸು ಇದ್ದು, ಮಕ್ಕಳು ಮರಿ ಇದ್ದು. ನನ್ನ ಲೆಕ್ಕ ಆನು ಅವ್ರ ಹತ್ರ ಹೋಗಿ ಹೇಳ್ಕತ್ತೆ." ಅವಳು ಕತ್ತಲಾಗುತ್ತಿದ್ದ ಹಿತ್ತಿಲನ್ನು ನೋಡಿದಳು. "ಪಿಂಡ ಇಡಕಾರೆ ಮನಸಲ್ಲೇ ಹೇಳಿದೆ, ಹೀಂಗೀಂಗೆ ಮಾಡಿದ್ದೆ ಹೇಳಿ. ಕಾಗೆ ಬಂದು ಮುಟ್ಟಿತ್ತು. ಇವ್ರಿಗೆ ಸಿಟ್ಟು ಬಂದಿದ್ರೆ ಕಾಗೆ ಬತ್ತಿತ್ತಿಲ್ಲೆ. ಇವ್ರು ಇದ್ದಿದ್ರೆ ತಿಥಿನೇ ಮುಂದೆ ಹಾಕ್ತಿದ್ರು, ಮಾಸ್ತರು ಅಲ್ದ."

ವಿನುತಾ ಕಣ್ಣೊರೆಸಿಕೊಂಡು, ಪಾತ್ರೆ ತೊಳೆಯಲು ಒಳಗೆ ಹೋಗಬೇಕೆಂದು ಎದ್ದಳು.

"ನಿಲ್ಲು. ಎಲ್ಲಿಗೆ?"

"ಅಡುಗೆಮನೆಗೆ. ಈಗ ಯಾರೂ ಇಲ್ಯಲೆ."

"ಮೂರು ದಿನ ಹೇಳಿದ್ದೆ, ಮೂರು ದಿನ. ಹೇಳಿದ್ದರಲ್ಲಿ ಅಷ್ಟಾದ್ರೂ ಖರೆ ಇರಲಿ. ಪಾತ್ರೆಗೆ ಕೃಷ್ಣಾನಂದ ಇದ್ದ. ಚೀಟಿ ಬರೆದು ಕೊಟ್ಟಿದ್ದೆ."

ಒಳಗೆ ನಿಜಕ್ಕೂ ಪಾತ್ರೆಗಳ ಸದ್ದು ಕೇಳುತ್ತಿತ್ತು, ನಡುನಡುವೆ ವಿಭಾಳ ನಗುವೂ. ಮೂರು ದಿನ, ಓದಲು ಒಂದು ಪುಟವೂ ಇಲ್ಲದೆ. ವಿನುತಾಳಿಗೆ ಇಷ್ಟು ದೊಡ್ಡ ಬಿಡುವು ಮದುವೆಯಾದಾಗಿನಿಂದ ಸಿಕ್ಕಿರಲಿಲ್ಲ. ಅವಳು ಮತ್ತೆ ಕೆಳಗೆ ಕೂತಳು, ಅತ್ತೆಯಿಂದ ಒಂದು ಮಾರು ದೂರ, ಲೆಕ್ಕದ ಪ್ರಕಾರ.

ವನಮಾಲಾ ಬಗ್ಗಿ ಮೊಣಕಾಲಿಗೆ ಎಣ್ಣೆ ಹಚ್ಚಲು ನೋಡಿದಳು. ಬೆನ್ನು ಬಗ್ಗಲಿಲ್ಲ. ಎರಡು ಸಲ ನೋಡಿದಳು. ಆಮೇಲೆ ಎಣ್ಣೆಯ ಬಟ್ಟಲನ್ನು ಸೊಸೆಯ ಕಡೆ ತಳ್ಳಿ, ಬಾತ ಕಾಲನ್ನು ಮೆಲ್ಲಗೆ ಎತ್ತಿ ಅವಳ ತೊಡೆಯ ಮೇಲಿಟ್ಟಳು.

"ಅತ್ತೆ! ನನ್ನ ಮುಟ್ಟಿದ್ರಿ."

"ಹೂಂ," ಎಂದಳು ವನಮಾಲಾ, ಕಣ್ಣು ಮುಚ್ಚಿ ಗೋಡೆಗೆ ಒರಗುತ್ತ. "ಮಿಂದ್ರೆ ಆತು. ಸ್ವಲ್ಪ ಮೇಲೆ ತಿಕ್ಕು."